ಆಟದ ಯಂತ್ರ ಬೇಕೆ, ಫೋನ್ ಸಾಕೆ?

ಕಿಸೆಯಲ್ಲಿ ಫೋನ್ ಇರುವಾಗ ಆಟಕ್ಕೆಂದೇ ಇನ್ನೊಂದು ಯಂತ್ರ ಯಾಕೆ ಎಂಬ ಪ್ರಶ್ನೆ ಸಹಜ. ಒಂದು ಕಾಲಕ್ಕೆ ಅಂಕಿಗಳೂ ಅದನ್ನೇ ಹೇಳಿದವು. ಕೈಯಲ್ಲಿ ಹಿಡಿದು ಆಡುವ ಯಂತ್ರವಾದ 2004ರ ನಿಂಟೆಂಡೊ ಡಿಎಸ್ 15 ಕೋಟಿಗೂ ಹೆಚ್ಚು ಮಾರಾಟವಾದರೆ, ಸ್ಮಾರ್ಟ್‌ಫೋನ್ ಹಬ್ಬಿದ ಮೇಲೆ ಬಂದ 3ಡಿಎಸ್ ಅದರ ಅರ್ಧದಷ್ಟಕ್ಕೆ ನಿಂತಿತು. ಸೋನಿ ತನ್ನ ಅಂಥದೇ ಯಂತ್ರ ವೀಟಾದ ತಯಾರಿಕೆಯನ್ನು 2019ರಲ್ಲಿ ನಿಲ್ಲಿಸಿತು. ಆದರೆ 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಮತ್ತೆ 15 ಕೋಟಿ ದಾಟಿದೆ. ಫೋನ್ ಕಿತ್ತುಕೊಂಡದ್ದು ಬಸ್ಸು ಬರುವವರೆಗಿನ ಐದು ನಿಮಿಷದ ಆಟವನ್ನು ಮಾತ್ರ. ಗಂಟೆಗಟ್ಟಲೆ ಆಡುವ ದೊಡ್ಡ ಆಟಕ್ಕೆ ಬೆರಳಿಗೆ ತಾಗುವ ಗುಂಡಿಗಳೇ ಬೇಕು. ಗಾಜಿನ ಮೇಲಿಟ್ಟ ಹೆಬ್ಬೆರಳು ಆಟವನ್ನೇ ಮರೆಮಾಡುತ್ತದೆ.

ಫೋನಿಗೂ ಗುಂಡಿ ಜೋಡಿಸಬಹುದಲ್ಲ, ಆಟವೂ ಪುಕ್ಕಟೆಯಲ್ಲವೇ ಎನ್ನಬಹುದು. ಗುಂಡಿ ಜೋಡಿಸಬಹುದು, ನಿಜ. ಆದರೆ ಪುಕ್ಕಟೆ ಆಟದ ಗಳಿಕೆ ಜಾಹೀರಾತು ಮತ್ತು ಆಟದೊಳಗಿನ ಖರೀದಿಯಿಂದ ಬರುತ್ತದೆ. ಹಾಗಾಗಿ ಅಂಥ ಆಟಗಳನ್ನು ಆಡುವವರನ್ನು ಮತ್ತೆ ಮತ್ತೆ ಎಳೆಯುವಂತೆ ಹೆಣೆದಿರುತ್ತಾರೆ. 2016ರಲ್ಲಿ ನಿಂಟೆಂಡೊ ಒಂದೇ ಸಲ ಹಣ ಕೊಟ್ಟು ಪೂರ್ತಿ ಆಡುವ ಸೂಪರ್ ಮಾರಿಯೊ ರನ್ ಅನ್ನು ಫೋನಿಗೆ ತಂದಾಗ, ಡೌನ್‌ಲೋಡ್ ಕೋಟಿಗಟ್ಟಲೆಯಾದರೂ ಲಾಭ ನಿರೀಕ್ಷೆಯಷ್ಟು ಬರಲಿಲ್ಲ. ಸಮಾಧಾನದಿಂದ ಕೂತು ಮುಗಿಸುವ ಆಟಗಳು ಯಂತ್ರಗಳಲ್ಲೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಯಂತ್ರ ದುಬಾರಿ, ಅದರ ಆಟಗಳೂ ದುಬಾರಿ. ಮಕ್ಕಳು ಆಗೀಗ ಲೂಡೊ, ಕ್ರಿಕೆಟ್ ಆಡುವವರಾದರೆ ಅದನ್ನು ಕೊಳ್ಳಬೇಡಿ. ಫೋನನ್ನೇ ಕೊಡುವುದಾದರೆ, ಮೊದಲು ಅದರಲ್ಲಿ ಹಣ ಪಾವತಿಗೆ ಪಾಸ್‌ವರ್ಡ್ ಹಾಕಿಡಿ.