ಅಜ್ಜಿ ಕೋಲಿನಲ್ಲಿ ತೋರಿಸಿದ ದಾರಿ

ದೊಡ್ಡಬಳ್ಳಾಪುರದ ಕಡೆ ನಮ್ಮದು ಆರು ಎಕರೆ ಹೊಲ. ಅಪ್ಪ ಅಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಹಾಕುತ್ತಿದ್ದರು. ಅವರು ಹೋದ ಮೇಲೆ ಆರಂಬ ಮಾಡುವವರು ಉಳಿಯಲಿಲ್ಲ. ಬೇರೆಯವರಿಗೆ ಮಾರುವ ಬದಲು ಅಣ್ಣತಮ್ಮಂದಿರೇ ಬಡಾವಣೆ ಮಾಡಿದರೆ ಮರಗಳಾದರೂ ಉಳಿದಾವು ಎಂದುಕೊಂಡೆವು.

ಮೊದಲ ನಕ್ಷೆಯಲ್ಲಿ 30×40ರ 112 ನಿವೇಶನಗಳು, ಗೆರೆ ಎಳೆದಂಥ ರಸ್ತೆಗಳು. ಮೇಲ್ಭಾಗದ ಒಂದೂವರೆ ಎಕರೆಯ ಬದುಗಳನ್ನು ಜೆಸಿಬಿ ಎರಡೇ ದಿನದಲ್ಲಿ ಒಡೆದು ಸಮ ಮಾಡಿತು. ಎರಡು ತಲೆಮಾರು ಕೊಟ್ಟಿಗೆ ಗೊಬ್ಬರ ಸುರಿದು ಹದ ಮಾಡಿದ್ದ ಮೇಲ್ಮಣ್ಣು ರಸ್ತೆಯ ತಗ್ಗಿಗೆ ಬಿತ್ತು. ನಾನು ಅಲ್ಲೇ ನಿಂತಿದ್ದೆ. ತಡೆಯಬೇಕೆಂದು ತೋಚಲಿಲ್ಲ.

ಆ ವಾರವೇ ಜೋರು ಮಳೆ. ಆರು ಎಕರೆಯ ಮೇಲೆ 50 ಮಿಲಿಮೀಟರ್ ಬಿದ್ದರೆ 12 ಲಕ್ಷ ಲೀಟರ್ ನೀರು. ಈ ಲೆಕ್ಕ ಹಾಕಿದ್ದು ಆಮೇಲೆ. ಬದುಗಳು ತಡೆತಡೆದು ಇಳಿಸುತ್ತಿದ್ದ ನೀರು ಒಮ್ಮೆಗೇ ನುಗ್ಗಿ ಕೆಳಗಿನ ಹೊಲದ ಪೈರಿನ ಮೇಲೆ ಕೆಂಪು ಕೆಸರು ಹಾಸಿತು. ಮರುದಿನ ಆ ಹೊಲದವರ ಮನೆಯ ಅಜ್ಜಿ ಬಂದರು. ಬೈಯಲಿಲ್ಲ. ಕೋಲು ಊರುತ್ತ ತೋರಿಸುತ್ತ ಹೋದರು: ಇಲ್ಲಿ ಬದು, ಇಲ್ಲಿ ನೀರು ತಿರುಗೋದು, ಹುಣಸೆಮರದ ಹತ್ತಿರ ಹಳ್ಳ, ಅಲ್ಲಿಂದ ಕೆರೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದ ಆರು ಗುಂಟೆ ಅದೇ ಹಳ್ಳ. ಕಾಗದದಲ್ಲಿ ಎಷ್ಟೋ ಸಲ ಓದಿದ್ದೆ, ನೆಲದ ಮೇಲೆ ಹೆಜ್ಜೆಯಿಟ್ಟು ನೋಡಿರಲಿಲ್ಲ.

ಕೆಲಸ ನಿಲ್ಲಿಸಿ ನಕ್ಷೆ ಬದಲಿಸಿದೆವು. ಮತ್ತೆ ಒಪ್ಪಿಗೆ, ಮತ್ತೆ ಓಡಾಟ, ಒಂದು ವರ್ಷ ಹೋಯಿತು. ಉಳಿದ ಬದುಗಳ ಗುಂಟವೇ ರಸ್ತೆ ಬಳಸಿಕೊಂಡು ಹೋಯಿತು, ಪಕ್ಕದಲ್ಲಿ ಇಂಗುಗುಂಡಿ ತೋಡಿಸಿದೆವು. ಹಳ್ಳದ ಎರಡೂ ದಡ ಉದ್ಯಾನಕ್ಕೆ ಹೋದವು. ಹೊಂಗೆ, ಹಿಪ್ಪೆ, ಅತ್ತಿ ನಿಂತಲ್ಲೇ ನಿಂತವು. ಒಂಬತ್ತು ನಿವೇಶನ ಕಡಿಮೆಯಾದವು. ಮಗಳ ಮದುವೆ ಎದುರಿಗಿಟ್ಟುಕೊಂಡಿದ್ದ ತಮ್ಮ ಎಷ್ಟೋ ದಿನ ನನ್ನೊಡನೆ ಮಾತಾಡಲಿಲ್ಲ. ಅವನ ಸಂಕಟ ಸುಳ್ಳಲ್ಲ.

ಬಾಗಿಲಲ್ಲಿ ಹುಲ್ಲುಹಾಸು, ಸಾಲು ಪಾಮ್ ಗಿಡ ನೆಟ್ಟು ಹಸಿರು ಬಡಾವಣೆ ಎನ್ನುವುದನ್ನು ನಾನೀಗ ಒಪ್ಪಲಾರೆ. ಹೊಲದ ಚೆಲುವು ನೀರು ನಡೆಯುವ ದಾರಿಯಲ್ಲಿತ್ತು.

ಒಂದೇ ದಿನ ನೆಟ್ಟ ಹೊಂಗೆ ಸಸಿಗಳು ಕೆಳಗಡೆ ತಾರಸಿ ಮುಟ್ಟಿವೆ. ಮೇಲ್ಭಾಗದ ಒಂದೂವರೆ ಎಕರೆಯಲ್ಲಿ ಇನ್ನೂ ಎದೆಮಟ್ಟ. ಪ್ರತಿ ಬೇಸಿಗೆಯಲ್ಲಿ ಕೆರೆಯ ಗೋಡು ತಂದು ಅವುಗಳ ಬುಡಕ್ಕೆ ಹಾಕಿಸುತ್ತೇನೆ.