ಕಂಬ ನೆಡುವ ಮೊದಲು

ಅಮೆರಿಕದಲ್ಲಿ ನೆಲೆಸಿರುವ ಹ್ಯಾಮ್ ರೇಡಿಯೊ ಹವ್ಯಾಸಿಗಳೇ, ಹಿತ್ತಿಲಲ್ಲಿ ಆಂಟೆನಾ ಕಂಬ ಎಬ್ಬಿಸುವ ಮೊದಲು ಒಂದು ಮಾತು. ನಗರಾಡಳಿತದ ವಲಯ ನಿಯಮಗಳು ಹವ್ಯಾಸಿ ಆಂಟೆನಾಗಳಿಗೆ ತಕ್ಕಮಟ್ಟಿಗಾದರೂ ಅವಕಾಶ ಕೊಡಬೇಕೆಂದು ಅಲ್ಲಿನ ಫೆಡರಲ್ ಸಂವಹನ ಆಯೋಗ 1985ರಲ್ಲೇ ಹೇಳಿದೆ. ಆ ಆದೇಶವೇ ಪಿಆರ್‌ಬಿ-1. ಹಾಗಂತ ಮನಸ್ಸಿಗೆ ಬಂದಷ್ಟು ಎತ್ತರ ಏರಿಸಬಹುದು ಎಂದಲ್ಲ. ಸುರಕ್ಷತೆ, ಅಂದಚೆಂದದ ಕಾರಣಕ್ಕೆ ನಗರ ಮಿತಿ ಹಾಕಬಹುದು, ಪರವಾನಗಿಯನ್ನೂ ಕೇಳಬಹುದು.

ದೊಡ್ಡ ತೊಡಕು ಬೇರೆಯೇ ಇದೆ. ಮನೆ ಕೊಳ್ಳುವಾಗ ನೀವು ಒಪ್ಪಿಕೊಂಡ ಬಡಾವಣೆ ಸಂಘದ ಕರಾರಿಗೆ ಈ ಆದೇಶ ಅನ್ವಯಿಸುವುದಿಲ್ಲ. ಟಿವಿ ಡಿಶ್‌ಗೆ ಇರುವ ರಕ್ಷಣೆಯೂ ಹ್ಯಾಮ್ ಆಂಟೆನಾಕ್ಕಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನವೇ ಕರಾರನ್ನು ಪೂರ್ತಿ ಓದಿ. ಈಗಾಗಲೇ ಸಹಿ ಹಾಕಿಯಾಗಿದ್ದರೆ ಕಂಬದ ಆಸೆ ಬಿಟ್ಟು ತಂತಿಗೆ ಬನ್ನಿ. 20 ಮೀಟರ್ ಬ್ಯಾಂಡಿಗೆ ಸುಮಾರು 10 ಮೀಟರ್ ಉದ್ದದ ತೆಳು ತಂತಿ ಸಾಕು. ಕರಾರು ತಡೆಯದಿದ್ದರೆ ಅಟ್ಟದೊಳಗೂ ಕಟ್ಟಬಹುದು.

ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿ. ಅವರ ಸ್ಪೀಕರ್ ಕರಕರ ಎಂದರೆ ‘ನನ್ನಿಂದಲ್ಲ’ ಎಂದು ವಾದಕ್ಕಿಳಿಯಬೇಡಿ. ಅವರೆದುರೇ ನಿಮ್ಮ ಸೆಟ್ ಆರಿಸಿ, ಮತ್ತೆ ಹಾಕಿ ತೋರಿಸಿ. ತಪ್ಪು ಯಾರ ಸಾಧನದ್ದೇ ಇರಲಿ, ಒಂದು ಫಿಲ್ಟರ್ ನೀವೇ ಕೊಡಿಸಿದರೂ ವಕೀಲರ ಶುಲ್ಕಕ್ಕಿಂತ ಅಗ್ಗವೇ.