ಅಳತೆ ಟೇಪು, ಪಿವಿಸಿ ಪೈಪು ಮತ್ತು ಒಂದು ಉಪಗ್ರಹ

ಬೆಂಗಳೂರಿನಲ್ಲಿ ತಯಾರಾದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿತು. ತೂಕ 42.5 ಕಿಲೋ. ಕಾರ್ಟೊಸ್ಯಾಟ್-1ರ ಜೊತೆ ಪಿಎಸ್‌ಎಲ್‌ವಿಯಲ್ಲಿ ಹೋದ ಈ ಪುಟ್ಟ ಉಪಗ್ರಹ ಇದ್ದದ್ದೇ ಹವ್ಯಾಸಿ ರೇಡಿಯೋದವರಿಗಾಗಿ. 2014ರವರೆಗೂ ಹಲವು ದೇಶಗಳ ಹ್ಯಾಮ್‌ಗಳು ಅದರ ಮೂಲಕ ಮಾತಾಡಿದರು. ಅದು ನಿಂತರೂ ಅಂಥ ಬೇರೆ ಉಪಗ್ರಹಗಳು ಇಂದಿಗೂ ನಮ್ಮ ತಲೆಯ ಮೇಲೆ ದಿನವೂ ಹಾದುಹೋಗುತ್ತಿವೆ. ಇದು ದುಡ್ಡಿದ್ದವರ ಹವ್ಯಾಸ ಎಂದುಕೊಂಡು ದೂರ ಉಳಿದವರೇ ಹೆಚ್ಚು. ಹಾಗೇನೂ ಇಲ್ಲ.

1. ದುಡ್ಡು ಬಿಚ್ಚುವ ಮೊದಲು ಕೇಳಿ ನೋಡಿ. ಇಂಗ್ಲೆಂಡಿನ ಗೂನ್‌ಹಿಲಿಯಲ್ಲಿ ಹವ್ಯಾಸಿಗಳು ಇಟ್ಟಿರುವ ವೆಬ್‌ಎಸ್‌ಡಿಆರ್ ರಿಸೀವರ್ ಇದೆ. ಬ್ರೌಸರ್ ತೆರೆದರೆ ಕ್ಯೂಒ-100 ಉಪಗ್ರಹದ ಮೇಲಿನ ಮಾತುಕತೆ ನೇರವಾಗಿ ಕೇಳುತ್ತದೆ. ಹ್ಯಾಮ್‌ಗಳು ಹೇಗೆ ಕರೆಯುತ್ತಾರೆ, ಹೇಗೆ ಮಾತು ಮುಗಿಸುತ್ತಾರೆ ಎಂಬ ಪಾಠ ಬಿಟ್ಟಿಯಾಗಿ ಸಿಗುತ್ತದೆ.

2. ಹಾದುಹೋಗುವ ಹೊತ್ತು ತಿಳಿದುಕೊಳ್ಳಿ. ಮೊಬೈಲಿಗೆ ಲುಕ್‌4ಸ್ಯಾಟ್, ಕಂಪ್ಯೂಟರಿಗೆ ಜಿಪ್ರೆಡಿಕ್ಟ್; ಎರಡೂ ಉಚಿತ. ಕಕ್ಷೆಯ ವಿವರಗಳನ್ನು ಆಗಾಗ ಅಪ್‌ಡೇಟ್ ಮಾಡಿ. ಆರಂಭದಲ್ಲಿ 30 ಡಿಗ್ರಿಗಿಂತ ಎತ್ತರಕ್ಕೆ ಬರುವ ಪಾಸ್‌ಗಳನ್ನಷ್ಟೇ ಆರಿಸಿಕೊಳ್ಳಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಒಳ್ಳೆಯ ಪಾಸ್ ಎಂದರೂ ಹತ್ತು ನಿಮಿಷ, ಅಷ್ಟೆ.

3. ಹಣವನ್ನು ರೇಡಿಯೋಗಲ್ಲ, ಆಂಟೆನಾಕ್ಕೆ ಹಾಕಿ. ಈ ಪಟ್ಟಿಯಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ. ವಾಕಿಟಾಕಿಯ ಜೊತೆ ಬರುವ ರಬ್ಬರ್ ಕಡ್ಡಿಯಿಂದ ನಿರಾಶೆಯೇ ಹೆಚ್ಚು. ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ಅಳತೆ ಟೇಪು, ಒಂದು ತುಂಡು ಪಿವಿಸಿ ಪೈಪು, ಕ್ಲ್ಯಾಂಪು, ಗಜ ಎರಡು ಗಜ ಕೋಆಕ್ಸ್ ಕೇಬಲ್ ಇದ್ದರೆ ಮೂರು ಕಡ್ಡಿಯ ಯಾಗಿ ಆಂಟೆನಾ ಮನೆಯಲ್ಲೇ ಆಗುತ್ತದೆ. 145 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಕಡ್ಡಿ ಹತ್ತಿರಹತ್ತಿರ ಒಂದು ಮೀಟರ್. 437ಕ್ಕೆ ಅದರ ಮೂರನೇ ಒಂದು ಪಾಲು, ಅಂದರೆ ಸುಮಾರು 33 ಸೆಂಟಿಮೀಟರ್. ಬೆಸುಗೆ ಹಾಕುವ ಜಾಗದಲ್ಲಿ ಟೇಪಿನ ಬಣ್ಣವನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆಯಿರಿ, ಇಲ್ಲವಾದರೆ ಸೀಸ ಹಿಡಿಯುವುದಿಲ್ಲ. ಕೇಬಲ್ ಆದಷ್ಟು ಗಿಡ್ಡ ಇರಲಿ. 437ರಲ್ಲಿ ಉದ್ದ ಕೇಬಲ್ ಸಿಗ್ನಲ್ಲನ್ನು ನುಂಗಿಬಿಡುತ್ತದೆ. ತಿರುಗಿಸಲು ಮೋಟಾರು ಬೇಡ. ಮಹಡಿಯ ಮೇಲೆ ನಿಂತು ಕೈಯಲ್ಲೇ ಹಿಡಿದು ಉಪಗ್ರಹದ ದಾರಿಯಲ್ಲಿ ತಿರುಗಿಸಿ. ದನಿ ಕುಗ್ಗಿದಾಗ ಮಣಿಕಟ್ಟನ್ನು ಹೊರಳಿಸಿ. ಉಪಗ್ರಹ ಹೊರಳಿದಂತೆ ಅದರ ತರಂಗದ ಧ್ರುವೀಕರಣವೂ ಬದಲಾಗುತ್ತದೆ. ಆಂಟೆನಾ ಅದಕ್ಕೆ ಹೊಂದಿಕೊಂಡರೆ ದನಿ ಮತ್ತೆ ಏರುತ್ತದೆ. ದುಬಾರಿ ಸ್ಟೇಷನ್ನಿನವರಿಗಿಂತ ಇಲ್ಲಿ ನೀವೇ ಚುರುಕು.

4. ಡಾಂಗಲ್ ಒಂದಿರಲಿ. ಆರ್‌ಟಿಎಲ್-ಎಸ್‌ಡಿಆರ್ ಮೂಲತಃ ಕಂಪ್ಯೂಟರಿನಲ್ಲಿ ಟಿವಿ ನೋಡಲು ಮಾಡಿದ ಸಾಧನ. ಇಂದು ಅದೇ ಬಡ ಹವ್ಯಾಸಿಯ ರಿಸೀವರ್. ನಿಲ್ದಾಣದವರು ಆಗೀಗ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಕಳಿಸುತ್ತಾರೆ. ಆಗ ರೋಬಾಟ್36 ಆ್ಯಪ್ ತೆರೆದು ಫೋನನ್ನು ಸ್ಪೀಕರ್ ಬಳಿ ಹಿಡಿದರೆ ಸಾಕು, ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಮೂಡುತ್ತದೆ.

5. ಡಾಪ್ಲರ್‌ಗೆ ಮೊದಲೇ ಸಿದ್ಧರಾಗಿ. ರೈಲು ಹತ್ತಿರ ಬರುವಾಗ ಸೀಟಿ ಏರಿ, ದಾಟಿದ ಮೇಲೆ ಇಳಿಯುವಂತೆ ಉಪಗ್ರಹದ ಫ್ರೀಕ್ವೆನ್ಸಿಯೂ ಜಾರುತ್ತದೆ. ನಿಲ್ದಾಣದ ರಿಪೀಟರ್ (ನಮ್ಮ ದನಿಯನ್ನು ಮರಳಿ ಕಳಿಸುವ ರೇಡಿಯೋ) ಕೇಳಿಸುವುದು 437.800ರಲ್ಲಿ; ಪಾಸ್‌ನ ಶುರುವಿಗೆ ಅದು 437.810ರ ಹತ್ತಿರ, ಕೊನೆಗೆ 437.790ರ ಹತ್ತಿರ ಸಿಗುತ್ತದೆ. 5 ಕಿಲೋಹರ್ಟ್ಸ್ ಅಂತರದ ಐದು ಮೆಮೊರಿ ಚಾನೆಲ್ ತುಂಬಿಟ್ಟುಕೊಂಡು ಒಂದೊಂದಾಗಿ ಇಳಿಯಿರಿ. ಕಳಿಸುವ ಫ್ರೀಕ್ವೆನ್ಸಿ 145.990, ಜೊತೆಗೆ 67 ಹರ್ಟ್ಸ್ ಟೋನ್. ರಿಪೀಟರ್ ಚಾಲೂ ಇದೆಯೇ ಎಂದು ಅವತ್ತೇ ನೋಡಿಕೊಳ್ಳಿ. ಆ ರೇಡಿಯೋಗೆ ಬೇರೆ ಕೆಲಸಗಳೂ ಇವೆ.

6. ಲೈಸೆನ್ಸ್ ಇಲ್ಲದೆ ಪಿಟಿಟಿ (ಮಾತಾಡುವ ಗುಂಡಿ) ಒತ್ತಬೇಡಿ. ದೂರಸಂಪರ್ಕ ಇಲಾಖೆಯ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಪರೀಕ್ಷೆಯೂ ಇಲ್ಲ. ಎಫ್‌ಎಂ ಉಪಗ್ರಹದಲ್ಲಿ ಒಮ್ಮೆಗೆ ಒಬ್ಬರ ದನಿಗಷ್ಟೇ ಜಾಗ. ಕರೆಸಂಕೇತ, ನಿಮ್ಮ ಗ್ರಿಡ್ (ಬೆಂಗಳೂರಾದರೆ ಎಂಕೆ82), ಒಂದು ನಮಸ್ಕಾರ, ಮುಗಿಯಿತು. 5 ವಾಟ್ ಧಾರಾಳ ಸಾಕು. ನಿಮ್ಮ ದನಿ ಕೆಳಗೆ ಬರುತ್ತಿದೆಯೇ ಎಂಬುದನ್ನು ಅದೇ ಡಾಂಗಲ್‌ನಲ್ಲಿ ಕೇಳಿಸಿಕೊಳ್ಳಿ.

7. ಮೂಲೆಗೆ ಬಿದ್ದ ಟಿವಿ ಡಿಶ್ಶನ್ನು ಗುಜರಿಗೆ ಹಾಕಬೇಡಿ. 2018ರ ನವೆಂಬರ್‌ನಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಉಪಗ್ರಹದಲ್ಲಿರುವ ಹವ್ಯಾಸಿಗಳ ಟ್ರಾನ್ಸ್‌ಪಾಂಡರ್ರೇ ಕ್ಯೂಒ-100. ಅದು ಭೂಸ್ಥಿರ ಕಕ್ಷೆಯಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಪಶ್ಚಿಮಕ್ಕೆ, ಸುಮಾರು 30 ಡಿಗ್ರಿ ಎತ್ತರದಲ್ಲಿ ನಿಂತೇ ಇರುತ್ತದೆ. ಓಡುವ ಉಪಗ್ರಹದ ಹಿಂದೆ ಓಡುವ ಕಷ್ಟವಿಲ್ಲ. 60 ಸೆಂಟಿಮೀಟರ್ ಡಿಶ್, ಯುನಿವರ್ಸಲ್ ಎಲ್‌ಎನ್‌ಬಿ, ಅದಕ್ಕೆ 12 ವೋಲ್ಟ್ ಇದ್ದರೆ 10489.5 ಮೆಗಾಹರ್ಟ್ಸ್‌ನ ಸಿಗ್ನಲ್ ಡಾಂಗಲ್‌ನಲ್ಲಿ 739.5ಕ್ಕೆ ಇಳಿದು ಸಿಗುತ್ತದೆ. ಆ ವೋಲ್ಟೇಜ್ ಡಾಂಗಲ್‌ಗೆ ನುಗ್ಗದಂತೆ ನಡುವೆ ಬಯಾಸ್-ಟೀ ಹಾಕಲೇಬೇಕು. ಬಿಸಿಲೇರಿದಂತೆ ಎಲ್‌ಎನ್‌ಬಿಯ ಫ್ರೀಕ್ವೆನ್ಸಿ ಜಾರುತ್ತದೆ, ಉಪಗ್ರಹದ ಬೀಕನ್ ಸಿಗ್ನಲ್ ನೋಡಿ ಸರಿಮಾಡಿಕೊಳ್ಳಿ.

8. ಒಬ್ಬರೇ ಎಲ್ಲವನ್ನೂ ಕೊಳ್ಳಬೇಡಿ. ಆಂಟೆನಾ ಅಳೆಯುವ ನ್ಯಾನೋವಿಎನ್‌ಎ ಊರಿಗೊಂದಿದ್ದರೆ ಸಾಕು.

9. ಕೇಳಿದ್ದನ್ನು ಹಂಚಿಕೊಳ್ಳಿ. 2010ರಲ್ಲಿ ಕರ್ನಾಟಕ ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಇಂಥ ಪುಟ್ಟ ಉಪಗ್ರಹ ಕಟ್ಟಿದವರ ಸ್ವಂತ ಸ್ಟೇಷನ್ನಿಗೆ ಅದು ದಿನಕ್ಕೆ ಕೆಲವೇ ಬಾರಿ, ಕೆಲವೇ ನಿಮಿಷ ಕಾಣುತ್ತದೆ. ಉಳಿದ ಹೊತ್ತಿನಲ್ಲಿ ಅದು ಬದುಕಿದೆಯೇ, ಬ್ಯಾಟರಿ ಹೇಗಿದೆ ಎಂದು ತಿಳಿಯಲು ದೂರದೂರಿನ ಕಿವಿಗಳು ಬೇಕು. ಸ್ಯಾಟ್‌ನಾಗ್ಸ್ ಎಂಬ ಮುಕ್ತ ಜಾಲ ಇದಕ್ಕಾಗಿಯೇ ಇದೆ. ಒಂದು ರಾಸ್ಪ್‌ಬೆರಿ ಪೈ, ಒಂದು ಡಾಂಗಲ್, ಅಲುಗಾಡದ ಒಂದು ಆಂಟೆನಾ ಮತ್ತು ಇಂಟರ್ನೆಟ್ ಇದ್ದರೆ ಶಾಲೆಯ ತಾರಸಿಯೂ ಅದರ ಸ್ಟೇಷನ್ ಆಗಬಹುದು. ವಿಜ್ಞಾನ ಮೇಷ್ಟ್ರುಗಳೇ, ಮುಂದಿನ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳಿ. ಮಕ್ಕಳು ಹಿಡಿದ ಟೆಲಿಮೆಟ್ರಿ ಉಪಗ್ರಹ ಕಟ್ಟಿದವರಿಗೆ ನಿಜಕ್ಕೂ ಬೇಕಾಗಿದೆ.